ಹಿಪ್ಪುನೇರಳೆಯನ್ನು ಮರ ಮಾಡುವುದು: ಕಡ್ಡಿಯಿಂದ ಕಟಾವಿನವರೆಗೆ

ನಮ್ಮ ಹೊಲದ ಬದುವಿನಲ್ಲಿ ಒಂದು ಹಿಪ್ಪುನೇರಳೆ ಮರ ಇದೆ. ಅದನ್ನು ಯಾರೂ ಬೇಕಂತ ನೆಟ್ಟಿದ್ದಲ್ಲ. ಹಸು ಕಟ್ಟೋಕೆ ಅಂತ ನಮ್ಮ ತಾತ ಹೊಡೆದ ಹಸಿ ಗೂಟ ಅದು. ಮಳೆ ಬಿತ್ತು, ಗೂಟ ಚಿಗುರಿತು, ಕೀಳೋಕೆ ಯಾರಿಗೂ ಮನಸ್ಸಾಗಲಿಲ್ಲ. ಬೋರ್‌ವೆಲ್ ಕೈಕೊಟ್ಟ ವರ್ಷ ಸಾಲಿನ ಗಿಡಗಳೆಲ್ಲ ಎಲೆ ಉದುರಿಸಿ ಬರಿ ಕಡ್ಡಿಯಾಗಿ ನಿಂತವು. ಆ ಮರ ಮಾತ್ರ ಹಸಿರಾಗೇ ಇತ್ತು. ಆಗ ನನಗೆ ಹೊಳೆದದ್ದು: ಇಷ್ಟು ದಿನ ನಾವು ಒಂದು ಮರವನ್ನು ಹಿಡಿದು ಹಿಡಿದು ಪೊದೆ ಮಾಡಿಕೊಂಡಿದ್ದೆವು ಅಂತ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ರೈತರು ಮರ ಪದ್ಧತಿಗೆ ಹೊರಳಿದ್ದಕ್ಕೂ ನೀರೇ ಕಾರಣ. ಗಿಡದ ಸಂಖ್ಯೆ ಕಡಿಮೆ, ಅಂತರ ಜಾಸ್ತಿ, ಬೇರು ಆಳಕ್ಕೆ. ಕಳೆ ಕೀಳುವ ಖರ್ಚೂ ಕಮ್ಮಿ, ಸಾಲಿನ ನಡುವೆ ಟಿಲ್ಲರ್ ಓಡಿಸಬಹುದು. ಆದರೆ ಮೊದಲ ಎರಡು ವರ್ಷ ಸೊಪ್ಪಿನ ಆಸೆ ಬಿಡಬೇಕು. ಅದನ್ನು ಬಿಡಲಾಗದೆ ಕೆಟ್ಟ ತೋಟಗಳನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮದೂ ಒಂದು.

ಇಲ್ಲಿ ಬರೆದಿರುವುದು ಒಂದೆರಡು ಎಕರೆ ಸೊಪ್ಪು ಬೆಳೆಯುವವರಿಗೆ. ಹಿತ್ತಲಲ್ಲಿ ಹಣ್ಣಿಗೆ ಅಂತ ಒಂದೇ ಮರ ಹಾಕುವವರಿಗೂ ಮುಕ್ಕಾಲು ಪಾಲು ಅನ್ವಯವಾಗುತ್ತದೆ.

ಮೊದಲು ಗಿಡದ ಕುಲ ಗೋತ್ರ

ಊರೂರಿಗೆ ಇದರ ಹೆಸರು ಬೇರೆ. ಹಿಪ್ಪುನೇರಳೆ, ಉಪ್ಪುನೇರಳೆ, ರೇಷ್ಮೆ ಗಿಡ, ಕಂಬಳಿ ಗಿಡ. ಹೆಸರಲ್ಲಿ ನೇರಳೆ ಇದ್ದರೂ ನೇರಳೆ ಮರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದರ ನಿಜವಾದ ನೆಂಟರು ಹಲಸು, ಹೆಬ್ಬಲಸು, ದೀವಿ ಹಲಸು, ಅತ್ತಿ, ಆಲ, ಅರಳಿ, ಬಸರಿ, ಅಂಜೂರ. ಎಲೆ ಕಿತ್ತು ತೊಟ್ಟು ನೋಡಿ, ಬಿಳಿ ಹಾಲು ಜಿನುಗುತ್ತದೆ. ಈ ಮನೆತನದ ಗುರುತು ಅದೇ. ಹಾಲು ಬರುವ ಗಿಡಗಳೆಲ್ಲ ಇದೇ ಮನೆತನ ಅಂದುಕೊಳ್ಳಬೇಡಿ, ಎಕ್ಕದಲ್ಲೂ ಹಾಲು ಬರುತ್ತದೆ.

ಇನ್ನೊಂದು ಗುರುತು ಹಣ್ಣಿನಲ್ಲಿದೆ. ಒಂದು ಕಂಬಳಿ ಹಣ್ಣು ನೋಡೋಕೆ ಒಂದು, ಆದರೆ ಅದರ ಒಂದೊಂದು ಮಣಿಯೂ ಬೇರೆ ಬೇರೆ ಹೂವಿನಿಂದ ಬಂದದ್ದು. ಹಲಸಿನ ತೊಳೆಗಳೂ ಹಾಗೇ. ಅತ್ತಿ ಮತ್ತು ಅಂಜೂರದಲ್ಲಿ ಹೂಗಳೆಲ್ಲ ಒಳಮುಖವಾಗಿ ಚೀಲದೊಳಗೆ ಅಡಗಿವೆ. ಅತ್ತಿಹಣ್ಣು ಬಿಡಿಸಿದರೆ ಬರೀ ಹುಳ ಅಂತ ಆಡಿಕೊಳ್ಳುತ್ತೇವಲ್ಲ, ಅವು ಆ ಹೂಗಳಿಗೆ ಪರಾಗ ತರುವ ಪುಟ್ಟ ಕಣಜಗಳು.

ಈ ನೆಂಟಸ್ತಿಕೆಯಿಂದ ಬೇಸಾಯಗಾರನಿಗೆ ಏನು ಲಾಭ? ಗಿಡ ಮಾಡಿಕೊಳ್ಳುವ ದಾರಿ ತಿಳಿಯುತ್ತದೆ. ಹಿಪ್ಪುನೇರಳೆ, ಅಂಜೂರ, ಆಲ ಈ ಮೂರೂ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತವೆ. ಶ್ರೀರಂಗಪಟ್ಟಣದ ಹತ್ತಿರದ ಗಂಜಾಂ ಅಂಜೂರವನ್ನೂ ಕಡ್ಡಿಯಿಂದಲೇ ಬೆಳೆಸಬಹುದು. ಹಲಸು ಹಾಗಲ್ಲ, ಒಳ್ಳೆ ತಳಿ ಬೇಕಿದ್ದರೆ ಕಸಿ ಗಿಡವನ್ನೇ ತರಬೇಕು. ತುಮಕೂರು ಕಡೆಯ ಸಿದ್ದು ಹಲಸು ಊರೂರಿಗೆ ಹೋಗಿದ್ದು ಕಸಿ ಗಿಡವಾಗಿಯೇ. ಇನ್ನು ಬೀಜವೇ ಇಲ್ಲದ ದೀವಿ ಹಲಸನ್ನು ಬೇರಿನಿಂದ ಎದ್ದ ಮರಿಗಳಿಂದ ಮಾಡಿಕೊಳ್ಳುತ್ತಾರೆ. ಒಂದೇ ಮನೆ, ಒಬ್ಬೊಬ್ಬರದು ಒಂದೊಂದು ಹಟ.

ಹಂತ 1: ತಳಿ ಆರಿಸುವುದು

ನೀರಾವರಿ ಇದ್ದರೆ ವಿ-1. ಇದರಲ್ಲಿ ನಾನು ಜಾಸ್ತಿ ಯೋಚನೆ ಮಾಡುವುದಿಲ್ಲ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1997ರಲ್ಲಿ ಬಿಟ್ಟ ತಳಿ. ದಪ್ಪ, ಅಗಲ, ಹೊಳೆಯುವ ಎಲೆ. ಕಡ್ಡಿ ಚೆನ್ನಾಗಿ ಬೇರು ಹಿಡಿಯುತ್ತದೆ. ಚಾಕಿ ಹುಳಕ್ಕೆ, ಅಂದರೆ ಎಳೆ ರೇಷ್ಮೆ ಹುಳಕ್ಕೆ, ಮೆದು ಸೊಪ್ಪು ಬೇಕೆನ್ನುವವರು ಒಂದು ಮೂಲೆಯಲ್ಲಿ ಎಸ್-36 ಹಾಕಿಕೊಳ್ಳಬಹುದು. ಮಳೆಯಾಶ್ರಯದ ಕೆಂಪು ಮಣ್ಣಿಗೆ ಎಸ್-13, ಕಪ್ಪು ಮಣ್ಣಿಗೆ ಎಸ್-34 ಇವೆ. ಹಳಬರ ಬಾಯಲ್ಲಿ ಇನ್ನೂ ಓಡಾಡುವ ಎಂ-5 ತಳಿಯನ್ನು ಕಾನ್ವಾ-2 ಅಂತಲೂ ಕರೆಯುತ್ತಾರೆ. ಹಳೇ ತೋಟಗಳಲ್ಲಿ ಈಗಲೂ ಸಿಗುತ್ತದೆ, ಹೊಸದಾಗಿ ಹಾಕುವವರು ಕಮ್ಮಿ.

ಹಣ್ಣಿಗೆ ಮರ ಬೇಕಾದವರು ಒಂದು ವಿಷಯ ನೆನಪಿಡಿ. ಹಿಪ್ಪುನೇರಳೆಯಲ್ಲಿ ಸಾಮಾನ್ಯವಾಗಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಮರದಲ್ಲಿರುತ್ತವೆ. ಕಡ್ಡಿ ಯಾವ ಮರದ್ದೋ ಗಿಡವೂ ಅದೇ. ಹಾಗಾಗಿ ಕಣ್ಣಾರೆ ಹಣ್ಣು ಕಂಡ ಮರದಿಂದಲೇ ಕಡ್ಡಿ ತನ್ನಿ. ಗಂಡು ಮರ ಬೇಡ ಅಂದೆ ಅಂತ ಅದನ್ನು ಹಗುರವಾಗಿ ನೋಡಬೇಡಿ. ಅದರ ಹೂ ಸಿಡಿದು ಪರಾಗ ಚಿಮ್ಮುವ ವೇಗ ಶಬ್ದದ ವೇಗದ ಅರ್ಧಕ್ಕಿಂತ ಜಾಸ್ತಿ. ಇಡೀ ಸಸ್ಯಲೋಕದಲ್ಲಿ ಅಳೆದು ನೋಡಿದ ಚಲನೆಗಳಲ್ಲಿ ಇಷ್ಟು ಚುರುಕಿನವು ತೀರಾ ಕಮ್ಮಿ.

ಹಂತ 2: ಕಡ್ಡಿ ಕತ್ತರಿಸುವುದು

6ರಿಂದ 8 ತಿಂಗಳು ಬಲಿತ ರೆಂಬೆ ಆರಿಸಿ. ತುದಿಯ ಹಸಿರು ಭಾಗ ಬೇಡ, ಅದು ಕೊಳೆಯುತ್ತದೆ. ಬುಡದ ತೀರಾ ದಪ್ಪ ಭಾಗವೂ ಬೇಡ. ನಡುವಿನ ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪಗಿನ, ಕಂದು ಬಣ್ಣಕ್ಕೆ ತಿರುಗಿದ ಭಾಗ ಸರಿ. 15ರಿಂದ 20 ಸೆಂಟಿಮೀಟರ್ ಉದ್ದ, ಅಂದರೆ ಹೆಚ್ಚು ಕಡಿಮೆ ಒಂದು ಗೇಣು. ಅದರಲ್ಲಿ 3–4 ಕಣ್ಣು ಇರಬೇಕು.

ಮಚ್ಚಿನಲ್ಲಿ ಮರದ ತುಂಡಿನ ಮೇಲಿಟ್ಟು ಟಕಟಕ ಅಂತ ಕಡಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಕೆಳತುದಿಯ ಸಿಪ್ಪೆ ಜಜ್ಜಿ ಹೋಗುತ್ತದೆ. ಬೇರು ಬರುವುದು ಆ ತುದಿಯಿಂದಲೇ, ಜಜ್ಜಿದ ಸಿಪ್ಪೆಯಲ್ಲಿ ಮೊದಲು ಬರುವುದು ಬೂಷ್ಟು. ಹರಿತವಾದ ಕುಡುಗೋಲು ಅಥವಾ ಸಿಕೇಚರ್ (ರೆಂಬೆ ಕತ್ತರಿಸುವ ಕತ್ತರಿ) ಬಳಸಿ.

ಈಗ ನನ್ನ ದಡ್ಡತನ. ಮೊದಲ ಸಲ ಸುಮಾರು 200 ಕಡ್ಡಿ ನಾನೇ ಕತ್ತರಿಸಿ ಪಾತಿಗೆ ಚುಚ್ಚಿದೆ. ಸಂಜೆ ನಮ್ಮ ಮಾವ ಬಂದು ಪಾತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಒಂದು ಕಡ್ಡಿ ಎತ್ತಿ ತಿರುಗಿಸಿ ನೋಡಿ, “ಏನಪ್ಪಾ, ಕಾಲು ಮೇಲೆ ಮಾಡಿ ನೆಟ್ಟಿದ್ದೀಯಲ್ಲೋ!” ಅಂದರು. ಅರ್ಧಕ್ಕರ್ಧ ಕಡ್ಡಿ ತಲೆಕೆಳಗಾಗಿದ್ದವು. ಎಲೆ ಉದುರಿದ ಮೇಲೆ ಮೇಲ್ಯಾವುದು ಕೆಳಗ್ಯಾವುದು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಕಣ್ಣನ್ನು ಹತ್ತಿರದಿಂದ ನೋಡಿ. ಎಲೆ ಕಳಚಿದ ಗಾಯದ ಗುರುತು ಕೆಳಗಿರುತ್ತದೆ, ಮೊಗ್ಗು ಅದರ ಮೇಲೆ ಕೂತಿರುತ್ತದೆ, ಅದರ ಮೂತಿ ಆಕಾಶದ ಕಡೆಗೆ. ಇಷ್ಟೂ ತಲೆಬಿಸಿ ಬೇಡ ಅನ್ನುವವರು ಕತ್ತರಿಸುವಾಗಲೇ ಮೇಲ್ತುದಿ ನೇರ, ಕೆಳತುದಿ ಓರೆ ಅಂತ ನಿಯಮ ಮಾಡಿಕೊಳ್ಳಿ. ನಾನೀಗ ಹಾಗೇ ಮಾಡುವುದು.

ಕತ್ತರಿಸಿದ ದಿನವೇ ನೆಟ್ಟರೆ ಒಳ್ಳೆಯದು. ಆಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಡಿ.

ಹಂತ 3: ಪಾತಿಯಲ್ಲಿ ಸಸಿ ಮಾಡುವುದು

ಕಡ್ಡಿಯನ್ನು ನೇರ ಹೊಲಕ್ಕೇ ಚುಚ್ಚುವವರಿದ್ದಾರೆ. ಸಾಲಿನ ಗಿಡಕ್ಕೆ ಅದು ನಡೆಯುತ್ತದೆ, ಮರಕ್ಕೆ ಬೇಡ. ಮರಕ್ಕೆ ಒಂದೇ ನೇರ ಕಾಂಡದ ಸಸಿ ಬೇಕು. ಅದನ್ನು ಪಾತಿಯಲ್ಲಿ ಅಥವಾ ದೊಡ್ಡ ಪಾಲಿಥೀನ್ ಚೀಲದಲ್ಲಿ ಬೆಳೆಸುವುದೇ ಸರಿ.

ನೀರು ನಿಲ್ಲದ ಜಾಗದಲ್ಲಿ ಒಂದಡಿ ಆಳ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೆಂಪು ಮಣ್ಣು, ಸ್ವಲ್ಪ ಮರಳು ಬೆರೆಸಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಗೊಬ್ಬರಕ್ಕೆ ಟ್ರೈಕೋಡರ್ಮಾ ಅನ್ನುವ ಮಿತ್ರ ಶಿಲೀಂಧ್ರ ಬೆರೆಸಿದರೆ ಕಡ್ಡಿ ಕೊಳೆಯುವುದು ಕಮ್ಮಿಯಾಗುತ್ತದೆ. ಸಾಲಿಂದ ಸಾಲಿಗೆ 20 ಸೆಂಟಿಮೀಟರ್, ಕಡ್ಡಿಯಿಂದ ಕಡ್ಡಿಗೆ 10 ಸೆಂಟಿಮೀಟರ್ ಬಿಟ್ಟು ಸ್ವಲ್ಪ ಓರೆಯಾಗಿ ಚುಚ್ಚಿ. ಒಂದು ಕಣ್ಣು ಮಾತ್ರ ಮಣ್ಣಿನ ಮೇಲಿರಲಿ. ಬುಡದ ಮಣ್ಣನ್ನು ಹೆಬ್ಬೆರಳಲ್ಲಿ ಒತ್ತಿ.

ಹತ್ತು ದಿನದ ಹೊತ್ತಿಗೆ ಹಸಿರು ಮೂತಿ ಕಾಣುತ್ತದೆ. ಇಲ್ಲಿ ಮೋಸ ಹೋಗಬೇಡಿ. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಎರಡು ಮೂರು ಎಲೆ ಬಿಡುತ್ತದೆ, ಬೇರು ಇನ್ನೂ ಹುಟ್ಟಿರುವುದಿಲ್ಲ. ಬೇರು ಬಂತಾ ಅಂತ ನಾನು ದಿನಕ್ಕೊಂದು ಕಡ್ಡಿ ಕಿತ್ತು ನೋಡುತ್ತಿದ್ದೆ. ಕಿತ್ತದ್ದೆಲ್ಲ ಸತ್ತವು. ಎಳೆ ಬೇರು ಎಷ್ಟು ಸೂಕ್ಷ್ಮ ಅಂದರೆ ಸ್ವಲ್ಪ ಅಲುಗಿಸಿದರೂ ಮುರಿಯುತ್ತದೆ. ಮೊದಲ ಎಲೆಗಳಾದ ಮೇಲೆ ಬೆಳವಣಿಗೆ ಕೆಲವು ದಿನ ನಿಂತು, ಮತ್ತೆ ಹೊಸ ಚಿಗುರು ಜೋರಾಗಿ ಬಂತು ಅಂದರೆ ಬೇರು ಬಂದಿದೆ ಅಂತ ಲೆಕ್ಕ. ಮಣ್ಣು ಸದಾ ಹಸಿಯಾಗಿರಲಿ, ಕೆಸರಾಗುವುದು ಬೇಡ.

ಎರಡು ಚಿಗುರು ಬಂದರೆ ಗಟ್ಟಿಯಾದ ಒಂದನ್ನು ಉಳಿಸಿ ಇನ್ನೊಂದನ್ನು ಚಿವುಟಿ. ಸಾಲಿನ ನಾಟಿಗೆ 3–4 ತಿಂಗಳ ಸಸಿ ಸಾಕು. ಮರಕ್ಕೆ 6–8 ತಿಂಗಳು ಕಾಯಿರಿ. ಎದೆಯೆತ್ತರ ದಾಟಿದ, ನೆಟ್ಟಗಿನ ಸಸಿ ಸಿಗಬೇಕು.

ಹಂತ 4: ಜಾಗ ಮತ್ತು ಗುಂಡಿ

ಅಂತರ ಎಷ್ಟು ಅನ್ನುವುದು ನಿಮ್ಮ ನೀರಿನ ಮೇಲೆ. 10 ಅಡಿಗೆ 10 ಅಡಿ ಅಂದರೆ ಎಕರೆಗೆ ಸುಮಾರು 435 ಮರ. 8ಕ್ಕೆ 8 ಅಂದರೆ 680. 6ಕ್ಕೆ 6 ಅಂದರೆ 1,210. ಸಾಲಿನ ಪದ್ಧತಿಯ 3ಕ್ಕೆ 3ರಲ್ಲಿ 4,840 ಗಿಡ ಹಿಡಿಸುತ್ತಿದ್ದವು ಅಂತ ನೆನೆದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ನನಗೂ ಹಾಗೇ ಆಗಿತ್ತು. ನಂಬಿಕೆ ಸಾಲದೆ ನಡುವೆ ಇನ್ನೊಂದು ಸಾಲು ತುರುಕಿದೆ. ಮೂರನೇ ವರ್ಷ ಮರಗಳು ಒಂದಕ್ಕೊಂದು ನೆರಳಾಗಿ, ಕೆಳಗಿನ ಎಲೆಗಳೆಲ್ಲ ಹಳದಿ ತಿರುಗಿದವು. ಆ ಸಾಲನ್ನು ಕಿತ್ತು ಹಾಕಿದೆ. ನೀರು ತೀರಾ ಕಮ್ಮಿ ಇದ್ದರೆ 10 ಅಡಿ, ಸುಮಾರಾಗಿ ಇದ್ದರೆ 8 ಅಡಿ. 6 ಅಡಿಯನ್ನು ನಾನಂತೂ ಹೇಳುವುದಿಲ್ಲ.

2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ. ಮೇಲಿನ ಒಂದಡಿ ಮಣ್ಣು ಒಂದು ಪಕ್ಕ, ಕೆಳಗಿನದು ಇನ್ನೊಂದು ಪಕ್ಕ ಹಾಕಿಸಿ. ಬೇಸಿಗೆಯಲ್ಲಿ ತೆಗೆದು ಕೆಲವು ವಾರ ಬಿಸಿಲಿಗೆ ಬಿಡಿ. ಮುಚ್ಚುವಾಗ ಮೇಲ್ಮಣ್ಣಿನ ಜೊತೆ 10–15 ಕಿಲೋ ಕಳಿತ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತಳಕ್ಕೆ ಹಾಕಿ. ಜೂನ್–ಜುಲೈನಲ್ಲಿ ನಾಲ್ಕು ಮಳೆ ಬಿದ್ದ ಮೇಲೆ ಸಸಿ ಇಟ್ಟು, ಬುಡ ತುಳಿದು, ಊರೆಗೋಲು ಕಟ್ಟಿ. ಕಟ್ಟುವ ದಾರ ಎಂಟರ ಆಕಾರದಲ್ಲಿ ಸಡಿಲವಾಗಿರಲಿ. ತಂತಿ ಬೇಡ, ಕಾಂಡ ದಪ್ಪವಾದಾಗ ಸಿಪ್ಪೆಯೊಳಗೆ ಇಳಿಯುತ್ತದೆ.

ಪಕ್ಕದಲ್ಲಿ ಏನಿದೆ ಅಂತಲೂ ನೋಡಿ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ಬೇಡವೇ ಬೇಡ. ನಿಕೋಟಿನ್ ಸೋಕಿದ ಸೊಪ್ಪು ರೇಷ್ಮೆ ಹುಳಕ್ಕೆ ವಿಷ. ಟೊಮ್ಯಾಟೊ, ದ್ರಾಕ್ಷಿಗೆ ಔಷಧಿ ಹೊಡೆಯುವ ನೆರೆಯವರಿದ್ದರೆ ಮಾತಾಡಿಕೊಂಡಿರಿ. ಬದುವಿನ ಆಲ, ಹಲಸು ನೆಂಟರೇ ಆದರೂ ನೆರಳಿನಲ್ಲಿ ಬೆಳೆದ ಸೊಪ್ಪು ನೀರು ನೀರಾಗಿರುತ್ತದೆ, ಹುಳಕ್ಕೆ ಬಲ ಬರುವುದಿಲ್ಲ. ಬೇಲಿಗೆ ದಾಸವಾಳ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 5: ಮರಕ್ಕೆ ರೂಪ ಕೊಡುವುದು

ನಿಮಗೆ ಒಂದೇ ಹಂತ ಓದಲು ಪುರುಸೊತ್ತು ಇದ್ದರೆ ಇದನ್ನು ಓದಿ.

ನೆಟ್ಟ ಮೇಲೆ ಕಾಂಡದ ಪಕ್ಕದಲ್ಲಿ ಹೊರಡುವ ಚಿಗುರುಗಳನ್ನು ಚಿವುಟುತ್ತಾ ಇರಿ. ಬೆರಳಲ್ಲೇ ಹೋಗುವಷ್ಟು ಎಳೆಯದಿದ್ದಾಗ ತೆಗೆದರೆ ಗಾಯವೇ ಉಳಿಯುವುದಿಲ್ಲ. ಸಸಿ ನಿಮ್ಮ ತಲೆಯೆತ್ತರ ಬಂದು, ಕಾಂಡ ಹೆಬ್ಬೆರಳಿಗಿಂತ ದಪ್ಪವಾದಾಗ 4ರಿಂದ 5 ಅಡಿ ಎತ್ತರದಲ್ಲಿ ತಲೆ ಕತ್ತರಿಸಿ. ಎತ್ತರ ಎಷ್ಟಿರಬೇಕು ಅನ್ನುವುದಕ್ಕೆ ನನ್ನ ಅಳತೆ: ಮನೆಯಲ್ಲಿ ಸೊಪ್ಪು ಕಟಾವು ಮಾಡುವವರು ಯಾರೋ ಅವರ ಎದೆಮಟ್ಟ. ನಮ್ಮಲ್ಲಿ ಸೊಪ್ಪು ತರುವುದು ಅತ್ತೆ. ಅವರ ಎತ್ತರಕ್ಕೆ 4 ಅಡಿ. ದಿನಾ ಕೈ ಮೇಲೆತ್ತಿ ಕೊಯ್ದರೆ ಭುಜ ಉಳಿಯುವುದಿಲ್ಲ.

ಕತ್ತರಿಸಿದ ಜಾಗದ ಕೆಳಗೆ ಏಳೆಂಟು ಚಿಗುರು ಒಟ್ಟಿಗೆ ಏಳುತ್ತವೆ. ಬೇರೆ ಬೇರೆ ದಿಕ್ಕಿಗೆ ಹೊರಟ 3 ಅಥವಾ 4 ಮಾತ್ರ ಉಳಿಸಿ. ಒಂದೇ ಕಣ್ಣಿನ ಮಟ್ಟದಿಂದ ಎರಡು ಹೊರಟಿದ್ದರೆ ಒಂದು ಹೋಗಲಿ, ಮುಂದೆ ಗಾಳಿಗೆ ಆ ಕವಲೇ ಸೀಳುವುದು. ಆಮೇಲೆ 3–4 ತಿಂಗಳು ಸುಮ್ನೆ ಬಿಡಿ. ಕೊಂಬೆಗಳು ಬಲಿತು ಕಂದು ತಿರುಗಿದ ಮೇಲೆ, ಪ್ರತಿಯೊಂದನ್ನೂ ಬುಡದಿಂದ ಸುಮಾರು ಒಂದಡಿಗೆ ಕತ್ತರಿಸಿ. ಪ್ರತಿ ಕೊಂಬೆಯಲ್ಲಿ ಮತ್ತೆ 2–3 ಚಿಗುರು ಉಳಿಸಿ. ಈಗ ಎಂಟು ಹತ್ತು ಕೈಗಳ ಒಂದು ಚಪ್ಪರ ಸಿಕ್ಕಿತು.

ಇದಾದ ಮೇಲೆ ಪ್ರತಿ ಕಟಾವೂ ಅದೇ ಜಾಗದಲ್ಲಿ ಬೀಳಬೇಕು. ವರ್ಷ ಕಳೆದಂತೆ ಆ ತುದಿಗಳು ಊದಿಕೊಂಡು ಮುಷ್ಟಿಯ ಹಾಗಾಗುತ್ತವೆ. ಚಿಗುರೇಳುವ ಶಕ್ತಿಯೆಲ್ಲ ಆ ಗಂಟಿನಲ್ಲಿದೆ. ಕೂಲಿಯವರು ಅವಸರದಲ್ಲಿ ಮುಷ್ಟಿಯ ಕೆಳಗೆ ಮಚ್ಚು ಬೀಸಿದರೆ ಎರಡು ವರ್ಷದ ಕೆಲಸ ಹಾಳು. ಮುಷ್ಟಿಯ ಮೇಲೆ ಅರ್ಧ ಅಡಿ ಬಿಟ್ಟು ಕತ್ತರಿಸಿದರೂ ತಪ್ಪೇ. ಪ್ರತಿ ಬೆಳೆಗೂ ಅರ್ಧರ್ಧ ಅಡಿ ಏರಿ, ನಾಲ್ಕು ವರ್ಷಕ್ಕೆ ಏಣಿ ಬೇಕಾಗುತ್ತದೆ. ಮುಷ್ಟಿಯಿಂದ ಒಂದೆರಡು ಬೆರಳು ಮೇಲೆ, ಓರೆಯಾಗಿ, ಒಂದೇ ಏಟಿಗೆ. ಸಿಪ್ಪೆ ಕೆಳಕ್ಕೆ ಸಿಗಿಯಬಾರದು. ದಪ್ಪ ರೆಂಬೆಗೆ ಮಚ್ಚು ಬಿಟ್ಟು ಗರಗಸ ಹಿಡಿಯಿರಿ.

ಮೊದಲ ವರ್ಷದಲ್ಲಿ ಚೆನ್ನಾಗಿ ಸೊಪ್ಪು ಕಂಡಾಗ ಕೈ ತುರಿಸುತ್ತದೆ. ರೂಪ ಕೊಡಲು ಕತ್ತರಿಸಿದ್ದಷ್ಟನ್ನೇ ಹುಳಕ್ಕೆ ಹಾಕಿ, ಎಲೆ ಬೋಳಿಸಬೇಡಿ. ಮೂರನೇ ವರ್ಷದಿಂದ ಪೂರ್ತಿ ಇಳುವರಿ ಲೆಕ್ಕ ಹಾಕಿ.

ಹಂತ 6: ಗೊಬ್ಬರ, ನೀರು

ವಿ-1 ಹೊಟ್ಟೆಬಾಕ. ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಶಿಫಾರಸು ಇರುವುದು 20 ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ 350 ಕಿಲೋ ಸಾರಜನಕ, 140 ಕಿಲೋ ರಂಜಕ, 140 ಕಿಲೋ ಪೊಟ್ಯಾಷ್, ಐದು ಕಂತಿನಲ್ಲಿ. ಎಕರೆ ಲೆಕ್ಕಕ್ಕೆ ತಂದರೆ ಗೊಬ್ಬರ 8 ಟನ್, ಸಾರಜನಕ ಕಂತಿಗೆ 28 ಕಿಲೋ, ಅಂದರೆ ಯೂರಿಯಾ ಸುಮಾರು 61 ಕಿಲೋ. ಇದು ದಟ್ಟ ಸಾಲಿನ ತೋಟದ ಲೆಕ್ಕ. ಮರಕ್ಕೆ ಇದನ್ನು ಮೇಲಿನ ಮಿತಿ ಅಂತ ಇಟ್ಟುಕೊಂಡು ಮಣ್ಣು ಪರೀಕ್ಷೆ ನೋಡಿ ಇಳಿಸಿಕೊಳ್ಳಿ. ಯೂರಿಯಾ ಜಾಸ್ತಿಯಾದರೆ ಎಲೆ ಕಪ್ಪು ಹಸಿರಾಗಿ ನೋಡೋಕೆ ಚೆಂದ, ಹುಳಕ್ಕೆ ಕಾಯಿಲೆ.

ಗೊಬ್ಬರವನ್ನು ಕಾಂಡದ ಬುಡಕ್ಕೆ ಸುರಿಯಬೇಡಿ. ಚಪ್ಪರದ ಅಂಚು ನೆಲಕ್ಕೆ ಎಲ್ಲಿ ಬೀಳುತ್ತದೋ ಅಲ್ಲಿ ಸುತ್ತಲೂ ಸಣ್ಣ ಚರಂಡಿ ತೆಗೆದು ಹಾಕಿ ಮುಚ್ಚಿ. ಡ್ರಿಪ್ ಕೊಳವೆಯನ್ನೂ ಮರ ಬೆಳೆದಂತೆ ಬುಡದಿಂದ ದೂರ ಸರಿಸುತ್ತಾ ಹೋಗಿ, ಬೇರು ನೀರನ್ನು ಹುಡುಕಿಕೊಂಡು ಹರಡಬೇಕು. ಕತ್ತರಿಸಿ ಉಳಿದ ಕಡ್ಡಿ, ಹುಳದ ಹಿಕ್ಕೆಯನ್ನು ಕಾಂಪೋಸ್ಟ್ ಮಾಡಿ ಮತ್ತೆ ಬುಡಕ್ಕೆ. ಹಸಿಯಾಗಿ ಹಾಕಿದರೆ ಹುಳಮನೆಯ ರೋಗ ತೋಟಕ್ಕೆ ತಂದ ಹಾಗೆ.

ಹಂತ 7: ಕೇಡುಗಳು

ತುದಿ ಎಲೆಗಳು ಮುದುಡಿ, ದಪ್ಪಗಾಗಿ, ಕಪ್ಪು ಹಸಿರು ಗಂಟಾಗಿ ಕೂತರೆ ಅದು ತುಕ್ರಾ. ಬಿಡಿಸಿ ನೋಡಿ, ಒಳಗೆ ಬಿಳಿ ಹಿಟ್ಟು, ಅದರಡಿ ಗುಲಾಬಿ ಬಣ್ಣದ ಹಿಟ್ಟು ತಿಗಣೆ. ಇದರ ಅಚ್ಚುಮೆಚ್ಚಿನ ಇನ್ನೊಂದು ಗಿಡ ದಾಸವಾಳ. ಬೇಲಿಗೆ ಬೇಡ ಅಂದದ್ದು ಅದಕ್ಕೇ. ಪಪ್ಪಾಯ ಹಿಟ್ಟು ತಿಗಣೆಯೂ ಬರುತ್ತದೆ, ಅದು ಪಾರ್ಥೇನಿಯಂ ಗಿಡದಲ್ಲೂ ಅಡಗಿರುತ್ತದೆ. ಬದು ಚೊಕ್ಕಟವಾಗಿಡಿ.

ತುಕ್ರಾ ತುದಿಯನ್ನು ಕತ್ತರಿಸಿ ನೇರ ಚೀಲಕ್ಕೆ ಹಾಕಿ, ಸುಟ್ಟುಬಿಡಿ. ನೆಲಕ್ಕೆ ಬಿಸಾಕಿದರೆ ಇರುವೆಗಳು ತಿಗಣೆಯನ್ನು ಹೊತ್ತು ಮತ್ತೆ ಮರ ಹತ್ತಿಸುತ್ತವೆ. ಇದನ್ನು ತಿನ್ನುವ ಗುಲಗಂಜಿ ಹುಳಗಳಿವೆ, ಕ್ರಿಪ್ಟೊಲೀಮಸ್ ಅನ್ನುವುದನ್ನು ತಂದು ಬಿಡುವವರೂ ಇದ್ದಾರೆ. ಎಚ್ಚರ: ಈ ಮಿತ್ರ ಹುಳದ ಮರಿಯ ಮೈಮೇಲೂ ಬಿಳಿ ಮೇಣದ ಜುಂಗು ಇರುತ್ತದೆ, ಥೇಟ್ ದೊಡ್ಡ ಹಿಟ್ಟು ತಿಗಣೆಯ ಹಾಗೇ. ಕಡ್ಡಿಯಿಂದ ಮುಟ್ಟಿ ನೋಡಿ. ಸರಸರ ಓಡಿದರೆ ನಿಮ್ಮವನು, ಅಲ್ಲೇ ಬಿದ್ದಿದ್ದರೆ ತಿಗಣೆ. ನಾನು ಒಂದು ಸಲ ಮಿತ್ರರನ್ನೇ ಆರಿಸಿ ಆರಿಸಿ ಕೊಂದಿದ್ದೇನೆ.

ಎಳೆ ತುದಿಯನ್ನು ನೂಲಿನಿಂದ ಹೊಲಿದಂತೆ ಸುತ್ತಿ ಒಳಗೆ ಹಸಿರು ಹುಳ ಕೂತಿದ್ದರೆ ಎಲೆ ಸುರುಳಿ ಹುಳ. ಮಳೆಗಾಲ ಕಳೆಯುತ್ತಿದ್ದಂತೆ ಇದರ ಕಾಟ ಜಾಸ್ತಿ. ಕಂಡ ಕೂಡಲೇ ತುದಿ ಚಿವುಟಿ. ಹಿಪ್ಪುನೇರಳೆಯ ಹಾಲಿನಲ್ಲಿ ಸಕ್ಕರೆಯನ್ನು ಹೋಲುವ ರಾಸಾಯನಿಕಗಳಿವೆ, ಹಲವು ಹುಳಗಳಿಗೆ ಅದು ವಿಷ. ರೇಷ್ಮೆ ಹುಳಕ್ಕೆ ಅದರಿಂದ ಏನೂ ಆಗದು. ಎಲೆ ಸುರುಳಿಯವನೂ ಹೇಗೋ ದಾರಿ ಕಂಡುಕೊಂಡಿದ್ದಾನೆ.

ಚೆನ್ನಾಗಿದ್ದ ಮರ ಇದ್ದಕ್ಕಿದ್ದಂತೆ ಬಾಡಿದರೆ ಬುಡ ಕೆದಕಿ. ಬೇರಿನ ಸಿಪ್ಪೆ ಕಪ್ಪಾಗಿ ಕೊಳೆತು ಕಳಚಿ ಬಂದರೆ ಬೇರು ಕೊಳೆ ರೋಗ. ಬೇರು ಸಮೇತ ಕಿತ್ತು ಸುಡಿ, ಗುಂಡಿಗೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕಿ ಕೆಲವು ತಿಂಗಳು ಖಾಲಿ ಬಿಡಿ. ಬೇರಿನಲ್ಲಿ ಮಣಿಮಣಿಯಾಗಿ ಗಂಟು ಕಂಡರೆ ಜಂತುಹುಳು, ಮರಳು ಮಣ್ಣಿನಲ್ಲಿ ಜಾಸ್ತಿ. ಬೇವಿನ ಹಿಂಡಿ ಕೊಡಿ, ಸಾಲಿನ ನಡುವೆ ಚೆಂಡು ಹೂ ಹಾಕಿ. ಅಂಜೂರಕ್ಕೂ ಇದೇ ಹುಳ ಬರುತ್ತದೆ, ಆ ತೋಟದ ಮಣ್ಣು ಇಲ್ಲಿಗೆ ತರಬೇಡಿ.

ಔಷಧಿ ಅಂಗಡಿಯವನು ಕೊಟ್ಟದ್ದನ್ನೆಲ್ಲ ಹೊಡೆಯಬೇಡಿ. ಹಿಂದೆ ಎಲ್ಲರೂ ಬಳಸುತ್ತಿದ್ದ ಡೈಕ್ಲೋರ್ವಾಸ್ 2020ರ ಕೊನೆಯಿಂದ ದೇಶದಲ್ಲೇ ನಿಂತಿದೆ. ಏನೇ ಹೊಡೆದರೂ ಎಷ್ಟು ದಿನ ಸೊಪ್ಪು ಮುಟ್ಟಬಾರದು ಅಂತ ರೇಷ್ಮೆ ಇಲಾಖೆಯವರ ಹತ್ತಿರ ಕೇಳಿ, ದಿನಾಂಕ ಬರೆದು ಹುಳಮನೆ ಬಾಗಿಲಿಗೆ ಅಂಟಿಸಿ. ಆ ದಿನ ಕಳೆದ ಮೇಲೂ ಮೊದಲು ಹತ್ತಿಪ್ಪತ್ತು ಹುಳಕ್ಕೆ ಹಾಕಿ ನೋಡಿ.

ಹಂತ 8: ಕಟಾವು

ಒಂದು ಕಟಾವಿನಿಂದ ಇನ್ನೊಂದಕ್ಕೆ 60–70 ದಿನ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಐದು ಬೆಳೆ. 100 ಮೊಟ್ಟೆಗೆ (ರೇಷ್ಮೆಯವರ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ) ಹೆಚ್ಚು ಕಡಿಮೆ ಒಂದು ಟನ್ ಸೊಪ್ಪು ಬೇಕು. ಅದರಲ್ಲಿ ಶೇ 80ಕ್ಕಿಂತ ಜಾಸ್ತಿ ಹೋಗುವುದು ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಮೇಲೆ, ಕೊನೆಯ ಏಳೆಂಟು ದಿನದಲ್ಲಿ. ಹಾಗಾಗಿ ಮರಗಳನ್ನು ಎರಡು ಮೂರು ಭಾಗ ಮಾಡಿಕೊಂಡು, ಹಿಂದು ಮುಂದಾಗಿ ಕತ್ತರಿಸುತ್ತಾ ಬನ್ನಿ. ಎಲ್ಲವನ್ನೂ ಒಂದೇ ವಾರ ಕತ್ತರಿಸಿದರೆ ಸೊಪ್ಪೆಲ್ಲ ಒಟ್ಟಿಗೆ ಬಲಿತು ಒರಟಾಗುತ್ತದೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಅಥವಾ ಸಂಜೆ ತಂಪಿನಲ್ಲಿ ಕತ್ತರಿಸಿ. ರೆಂಬೆಗಳನ್ನು ಒಟ್ಟಿ ಅದುಮಬೇಡಿ, ಒಳಗೆ ಬಿಸಿಯಾಗುತ್ತದೆ. ನೆರಳಲ್ಲಿ ಸಡಿಲವಾಗಿ ನಿಲ್ಲಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ. ಪ್ರತಿ ಕಟಾವಾದ ಎರಡು ವಾರಕ್ಕೆ ಮರ ಸುತ್ತಿ ಬನ್ನಿ. ಒಂದೊಂದು ಮುಷ್ಟಿಯಲ್ಲೂ ಹತ್ತು ಹನ್ನೆರಡು ಚಿಗುರು ಎದ್ದಿರುತ್ತವೆ. ಗಟ್ಟಿಯಾದ ಮೂರು ನಾಲ್ಕು ಬಿಟ್ಟು ಉಳಿದವನ್ನು ಕೈಯಲ್ಲೇ ಮುರಿದು ಹಾಕಿ. ಅವನ್ನು ಕುರಿ ಮುಂದೆ ಎಸೆದರೆ ಕ್ಷಣದಲ್ಲಿ ಖಾಲಿ.

ಹಣ್ಣಿಗೆ ಮರ ಬೆಳೆಸಿದವರು ಹೀಗೆ ಬೋಳಿಸಬೇಡಿ. ಹಣ್ಣು ಹೊಸ ಚಿಗುರಿನ ಬುಡದಲ್ಲೇ ಬರುತ್ತದೆ. ವರ್ಷಕ್ಕೊಮ್ಮೆ ರೆಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಇರುವ ಎಲೆ ತೆಗೆದು ನೀರು ಕೊಟ್ಟರೆ ಚಿಗುರಿನ ಜೊತೆಗೇ ಹಸಿರು ಕಾಯಿ ಕಾಣುತ್ತದೆ. ಪೂರ್ತಿ ಕಪ್ಪಾಗಿ, ಮುಟ್ಟಿದರೆ ಕಳಚಿ ಬರುವಂಥದ್ದೇ ಸಿಹಿ. ಮರದ ಕೆಳಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರೆ ಅಷ್ಟರೊಳಗೆ ಬೇರೆ ಕಡೆ ಕಟ್ಟಿಕೊಳ್ಳಿ.